ಚರ್ಮ, ತುಪ್ಪಳ ಮತ್ತು ರೈತನ ಹೊಣೆ



ಚರ್ಮದ ಚೀಲ, ಸೊಂಟಪಟ್ಟಿ, ಪಾದರಕ್ಷೆ, ಮೇಲಂಗಿ ಮುಂತಾದವುಗಳನ್ನು ಕೊಳ್ಳುವ ಪಟ್ಟಣವಾಸಿಗಳು ಈಚೆಗೆ ಒಂದು ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಉಡುಗೆ ತೊಡುಗೆಯ ಅಂದಕ್ಕಾಗಿ ಪ್ರಾಣಿಯ ಚರ್ಮವನ್ನು ಕೊಳ್ಳುವುದು ಸರಿಯೇ? ಹಳ್ಳಿಯಲ್ಲಿ ದನಕರುಗಳ ನಡುವೆ ಬಾಳುವ ನಮಗೆ ಇದು ಸಂಬಂಧವಿಲ್ಲದ ಮಾತೆಂದು ತೋರಬಹುದು. ಆದರೆ ಚರ್ಮ ಹುಟ್ಟುವುದು ನಮ್ಮ ಕೊಟ್ಟಿಗೆಯಲ್ಲಿ. ಅದನ್ನು ಹದ ಮಾಡಿದ ಮೇಲೆ ಉಳಿದ ಕೊಳೆನೀರು ಹರಿಯುವುದು ರೈತರ ಹೊಲಗದ್ದೆಗಳಿಗೆ. ಹೊಲಿಗೆ ಕಲಿತ ನಮ್ಮ ಹೆಣ್ಣುಮಕ್ಕಳು ಸ್ವಸಹಾಯ ಸಂಘಗಳಲ್ಲಿ ಚೀಲ, ಪರ್ಸುಗಳನ್ನು ತಯಾರಿಸಲು ಇದೇ ಚರ್ಮವನ್ನು ಪೇಟೆಯಿಂದ ಕೊಂಡು ತರುತ್ತಾರೆ. ಆದುದರಿಂದ ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನಮ್ಮದೂ ಹೌದು.

ಚರ್ಮವನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಎಲ್ಲಿಂದ ಬಂದರೂ, ಹೇಗೆ ಬಂದರೂ ಚರ್ಮ ಚರ್ಮವೇ ಎಂಬ ವ್ಯಾಪಾರಿಯ ಮಾತನ್ನೂ ಒಪ್ಪುವುದಿಲ್ಲ. ಪ್ರಾಣಿ ಹೇಗೆ ಬಾಳಿತು, ಹೇಗೆ ಸತ್ತಿತು, ಅದರ ಚರ್ಮವನ್ನು ಯಾರು ಸುಲಿದರು, ಯಾವ ನೀರಿನಲ್ಲಿ ಹದ ಮಾಡಿದರು ಎಂಬ ನಾಲ್ಕು ವಿಷಯಗಳನ್ನು ವಿಚಾರಿಸಿಯೇ ಕೊಳ್ಳಬೇಕು, ವಿಚಾರಿಸಿಯೇ ಮಾರಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸಿದ್ದೇನೆ.

ಚರ್ಮವೂ ಬೇಸಾಯದ ಉತ್ಪನ್ನ

ಕಪಿಲೆ ಬಾವಿಗಳಿದ್ದ ಕಾಲದಲ್ಲಿ ನೀರೆತ್ತಲು ಚರ್ಮದ ಚೀಲ ಬೇಕಾಗಿತ್ತು. ಮಿಣಿ, ಬಾರುಕೋಲಿನ ಬಾರು, ಕಾಲಿನ ಕೆರ, ಹಬ್ಬದ ತಮಟೆ ಇವೆಲ್ಲ ಊರಿನ ದನಗಳ ಚರ್ಮದಿಂದಲೇ ಆಗುತ್ತಿದ್ದವು. ಇವನ್ನು ಮಾಡಿಕೊಟ್ಟವರು ಸುಗ್ಗಿಯ ಕಣದಲ್ಲಿ ಆಯ ಪಡೆಯುತ್ತಿದ್ದರು. ಪಂಪುಸೆಟ್ಟು ಬಂದ ಮೇಲೆ ಕಪಿಲೆ ಹೋಯಿತು, ನೈಲಾನ್ ಹಗ್ಗ ಬಂದ ಮೇಲೆ ಮಿಣಿ ಹೋಯಿತು. ಚರ್ಮ ಮಾತ್ರ ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ಪರದೇಶಕ್ಕೆ ಹೋಗುವ ಸರಕಾಯಿತು.

2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಸುಮಾರು 84 ಲಕ್ಷ ದನಗಳೂ, 1 ಕೋಟಿ 10 ಲಕ್ಷ ಕುರಿಗಳೂ, 61 ಲಕ್ಷ ಆಡುಗಳೂ ಇದ್ದವು. ಇವುಗಳನ್ನು ಯಾರೂ ಚರ್ಮಕ್ಕಾಗಿ ಸಾಕುವುದಿಲ್ಲ. ಹಾಲು, ಉಳುಮೆ, ಗೊಬ್ಬರ, ಉಣ್ಣೆ, ಮಾಂಸಕ್ಕಾಗಿ ಸಾಕುತ್ತಾರೆ. ಚರ್ಮವು ಕೊನೆಯಲ್ಲಿ ಸಿಗುವ ಉಪ ಉತ್ಪನ್ನ. ಪ್ರಾಣಿಯೊಂದು ಸತ್ತ ಮೇಲೆ ಅದರ ಚರ್ಮವನ್ನು ಮಣ್ಣುಪಾಲು ಮಾಡದೆ ಬಳಸುವುದರಲ್ಲಿ ಹಿಂಸೆಯಿಲ್ಲ. ಬೆಳೆಯ ಸೊಪ್ಪೆಯನ್ನು ಹೊಲದಲ್ಲೇ ಸುಡದೆ ಮೇವಿಗೂ ಗೊಬ್ಬರಕ್ಕೂ ಉಪಯೋಗಿಸುವ ರೈತನ ವಿವೇಕವೇ ಇದರಲ್ಲಿಯೂ ಇದೆ.

ತುಪ್ಪಳದ ಮಾತು ಬೇರೆ

ತುಪ್ಪಳದ ವಿಷಯ ಹೀಗಲ್ಲ. ಚಳಿದೇಶಗಳಲ್ಲಿ ಮಿಂಕ್ ಎಂಬ ಮುಂಗುಸಿಯಂಥ ಪ್ರಾಣಿಯನ್ನೂ, ನರಿಯನ್ನೂ ತುಪ್ಪಳಕ್ಕಾಗಿಯೇ ಸಾಕುತ್ತಾರೆ. ಓಡಾಡಿ ಬೇಟೆಯಾಡುವ ಈ ಪ್ರಾಣಿಗಳು ತಂತಿಯ ಸಣ್ಣ ಪಂಜರಗಳಲ್ಲಿಯೇ ಹುಟ್ಟಿ ಅಲ್ಲಿಯೇ ಸಾಯುತ್ತವೆ. ತುಪ್ಪಳ ಕೆಡಬಾರದೆಂದು ಮಿಂಕ್‌ಗಳನ್ನು ವಿಷಾನಿಲದಿಂದಲೂ, ನರಿಗಳನ್ನು ವಿದ್ಯುತ್ತಿನಿಂದಲೂ ಕೊಲ್ಲುತ್ತಾರೆ. ಕರಾಕುಲ್ ಎಂಬ ಮಧ್ಯ ಏಷ್ಯಾ ಮೂಲದ ಕುರಿ ತಳಿಯಲ್ಲಿ ಮರಿಯ ಮೈಮೇಲಿನ ಗುಂಗುರು ಬಿಚ್ಚಿಕೊಳ್ಳುವ ಮೊದಲೇ, ಅಂದರೆ ಹುಟ್ಟಿದ ಕೆಲವೇ ದಿನಗಳಲ್ಲಿ, ಮರಿಯನ್ನು ಕೊಂದು ಚರ್ಮ ತೆಗೆಯುತ್ತಾರೆ. ಟೋಪಿಗೂ ಕೋಟಿಗೂ ಅದು ಬಹು ಬೆಲೆಬಾಳುವ ವಸ್ತು. ತಾಯಿಯ ಹಾಲನ್ನು ನಾಲ್ಕು ದಿನವೂ ಕುಡಿಯದ ಮರಿಯನ್ನು ಟೋಪಿಗಾಗಿ ಕೊಲ್ಲುವುದನ್ನು ನಮ್ಮ ಯಾವ ಕುರಿಗಾರನೂ ಒಪ್ಪಲಾರ.

ಹೀಗೆ ಒತ್ತೊತ್ತಾಗಿ ಕೂಡಿಟ್ಟು ಸಾಕುವುದರಿಂದ ಮನುಷ್ಯನಿಗೂ ಅಪಾಯವುಂಟು. 2020ರಲ್ಲಿ ಡೆನ್ಮಾರ್ಕ್ ದೇಶದ ಮಿಂಕ್ ಸಾಕಣೆ ಕೇಂದ್ರಗಳಲ್ಲಿ ಕೊರೋನಾ ಸೋಂಕು ಹರಡಿ, ಅದರ ಬದಲಾದ ರೂಪ ಮನುಷ್ಯರಿಗೂ ತಗುಲಿತು. ಆಗ ಅಲ್ಲಿನ ಸರಕಾರವು ದೇಶದ ಎಲ್ಲ ಸಾಕು ಮಿಂಕ್‌ಗಳನ್ನೂ ಕೊಲ್ಲಲು ಆಜ್ಞೆ ಮಾಡಿತು. ಅವುಗಳ ಸಂಖ್ಯೆ ಒಂದೂವರೆ ಕೋಟಿಗೂ ಮೇಲಿತ್ತು.

ನಮ್ಮ ದೇಶವು 2017ರ ಜನವರಿಯಲ್ಲಿ ಮಿಂಕ್, ನರಿ, ಚಿಂಚಿಲ್ಲಾಗಳ ತುಪ್ಪಳವನ್ನೂ, ಸರೀಸೃಪಗಳ ಚರ್ಮವನ್ನೂ ಆಮದು ಮಾಡಿಕೊಳ್ಳುವುದನ್ನು ನಿಷೇಧಿಸಿತು. ಇದು ಸರಿಯಾದ ಕ್ರಮ. ಹುಲಿ, ಚಿರತೆ, ನೀರುನಾಯಿ, ಹೆಬ್ಬಾವು, ಉಡಗಳ ಚರ್ಮವನ್ನು ಮಾರುವುದೂ ಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹೊಲದ ಬದುವಿನಲ್ಲಿ ಸಿಕ್ಕ ಉಡಕ್ಕೆ ಬೆಲೆ ಕೊಡಲು ಬರುವವನಿಗೆ ನೆರವಾದರೆ ತಾವೂ ಆ ಅಪರಾಧದಲ್ಲಿ ಪಾಲುದಾರರಾಗುತ್ತೀರಿ ಎಂಬುದನ್ನು ಮರೆಯಬಾರದು.

ಮೈ ಬೆಚ್ಚಗಿರಲು ಪ್ರಾಣಿಯನ್ನು ಕೊಲ್ಲಬೇಕೆಂಬ ಕಟ್ಟಳೆಯೇನೂ ಇಲ್ಲ. ದಖ್ಖನಿ ಕುರಿಯ ಉಣ್ಣೆಯನ್ನು ಕತ್ತರಿಸಿ ನೇಯ್ದ ಕಂಬಳಿ ನಮ್ಮಲ್ಲಿಯೇ ಇದೆ. ಕತ್ತರಿಸಿದ ಉಣ್ಣೆ ಮತ್ತೆ ಬೆಳೆಯುತ್ತದೆ, ಕುರಿ ಮತ್ತೆ ಮೇಯುತ್ತದೆ. ಇಂದು ಎಷ್ಟೋ ಕಡೆ ಕೊಳ್ಳುವವರಿಲ್ಲದೆ ಈ ಉಣ್ಣೆಯನ್ನು ಎಸೆಯುತ್ತಿದ್ದಾರೆ. ತುಪ್ಪಳಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಇತ್ತ ನೋಡಿದರೆ ಕುರಿಗಾರರ ಮನೆಗೂ ನಾಲ್ಕು ಕಾಸು ಬಂದೀತು.

ಬದುಕಿದ್ದಾಗಿನ ಆರೈಕೆ

ಚರ್ಮದ ಗುಣಮಟ್ಟವು ಹದ ಮಾಡುವವನ ಕೈಗಿಂತ ಮೊದಲು ಸಾಕುವವನ ಕೈಯಲ್ಲಿದೆ. ಬರೆ ಹಾಕಿದ ಕಲೆ, ನೊಗದ ಹುಣ್ಣು, ಮೊಳೆ ಬಡಿದ ಬಾರುಕೋಲಿನಿಂದ ತಿವಿದ ಗಾಯ, ಮುಳ್ಳುತಂತಿಯ ಗೀರು, ಉಣ್ಣಿ ಮತ್ತು ಹೇನುಗಳ ಕಡಿತ, ಕಜ್ಜಿ ಇವೆಲ್ಲವೂ ಹದ ಮಾಡಿದ ಮೇಲೆಯೂ ಚರ್ಮದಲ್ಲಿ ಉಳಿಯುತ್ತವೆ. 2022ರಲ್ಲಿ ನಮ್ಮ ಜಾನುವಾರುಗಳನ್ನು ಕಾಡಿದ ಚರ್ಮಗಂಟು ರೋಗದಿಂದ ಹಾಲಿಗೂ ಉಳುಮೆಗೂ ಆದ ನಷ್ಟವನ್ನು ಎಲ್ಲರೂ ಬಲ್ಲರು. ಚರ್ಮಕ್ಕೂ ಅದರಿಂದ ಹಾನಿಯೇ.

ಸಾಗಾಣಿಕೆಯಲ್ಲಿ ನಡೆಯುವ ಕ್ರೌರ್ಯ ಇದಕ್ಕಿಂತಲೂ ಘೋರವಾದುದು. ಒಂದೇ ಲಾರಿಯಲ್ಲಿ ಮಿತಿ ಮೀರಿ ತುಂಬುವುದು, ಎದ್ದು ನಿಲ್ಲದ ದನದ ಬಾಲ ತಿರುಚುವುದು, ಕಣ್ಣಿಗೆ ಮೆಣಸಿನಪುಡಿ ಹಾಕುವುದು, ದಿನಗಟ್ಟಲೆ ನೀರು ಮೇವು ಕೊಡದಿರುವುದು ಇವೆಲ್ಲ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ವಿರುದ್ಧ. ಚರ್ಮ ಕೊಳ್ಳುವವನಿಗೆ ಇದು ಕಾಣುವುದಿಲ್ಲ. ಸಂತೆಯಲ್ಲಿ ಹಗ್ಗ ಬಿಚ್ಚಿ ಕೊಡುವ ನಮಗೆ ಕಾಣುತ್ತದೆ.

ಮಣ್ಣು ತೆತ್ತ ಬೆಲೆ

ಬೇಸಾಯ ಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಹೆಚ್ಚಾಗಿ ಒತ್ತಿ ಹೇಳಬೇಕಾದ ಅಂಶ ಇದು. ಹಸಿ ಚರ್ಮ ಕೊಳೆಯದಿರಲು ಅದರ ತೂಕದ ಶೇಕಡಾ 40ರಷ್ಟು ಉಪ್ಪನ್ನು ಸವರುವುದು ವಾಡಿಕೆ. ಕಾರ್ಖಾನೆಯಲ್ಲಿ ಮೊದಲು ಈ ಉಪ್ಪನ್ನು ತೊಳೆದು ಹೊರಗೆ ಬಿಡುತ್ತಾರೆ. ನಂತರ ಕೂದಲು ತೆಗೆಯಲು ಸುಣ್ಣ ಮತ್ತು ಸಲ್ಫೈಡ್, ಹದ ಮಾಡಲು ಕ್ರೋಮಿಯಂ ಲವಣ ಉಪಯೋಗಿಸುತ್ತಾರೆ. ಪ್ರಪಂಚದ ಹೆಚ್ಚಿನ ಪಾಲು ಚರ್ಮ ಕ್ರೋಮಿಯಂನಿಂದಲೇ ಹದವಾಗುತ್ತದೆ. ಸಾಮಾನ್ಯ ವಿಧಾನದಲ್ಲಿ ಹಾಕಿದ ಕ್ರೋಮಿಯಂ ಪೂರ್ತಿಯಾಗಿ ಚರ್ಮಕ್ಕೆ ಹಿಡಿಯುವುದಿಲ್ಲ. ಸುಮಾರು ಮೂರನೆಯ ಒಂದು ಭಾಗ ನೀರಿನೊಡನೆ ಹೊರಗೆ ಹೋಗುತ್ತದೆ.

ಈ ನೀರು ಹೊಲಕ್ಕೆ ಹರಿದರೆ ಏನಾಗುತ್ತದೆ? ಉಪ್ಪಿನಲ್ಲಿರುವ ಸೋಡಿಯಂ ಮಣ್ಣಿನ ಕಣಗಳನ್ನು ಬೇರ್ಪಡಿಸಿ ಮಣ್ಣಿನ ರಚನೆಯನ್ನು ಕೆಡಿಸುತ್ತದೆ. ಮೇಲ್ಪದರ ಗಟ್ಟಿಕಟ್ಟಿ ನೀರು ಇಂಗುವುದಿಲ್ಲ. ಬೀಜ ಮೊಳೆಯುವುದು ಕಡಿಮೆಯಾಗುತ್ತದೆ. ಮೊಳೆತ ಸಸಿಯೂ ತೇವವಿದ್ದರೂ ನೀರು ಹೀರಲಾರದೆ ಬಾಡುತ್ತದೆ. ಕ್ರೋಮಿಯಂ ಮಣ್ಣಿನಲ್ಲಿ ಶೇಖರವಾಗುತ್ತಾ ಹೋಗುತ್ತದೆ.

ಇದು ಊಹೆಯ ಮಾತಲ್ಲ. ನಮ್ಮ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಕೋಲಾರ ಜಿಲ್ಲೆಯ ಬೇತಮಂಗಲದ ಮೇಲೆ ಹಾದು ಹೋಗುವ ಪಾಲಾರ್ ನದಿ ಮುಂದೆ ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಕಡೆ ಹರಿಯುತ್ತದೆ. ಅಲ್ಲಿ ಚರ್ಮ ಹದ ಮಾಡುವ ನೂರಾರು ಕಾರ್ಖಾನೆಗಳಿವೆ. ಆ ಪ್ರದೇಶದಲ್ಲಿ ಸುಮಾರು 35,000 ಹೆಕ್ಟೇರ್ ಜಮೀನು ಭಾಗಶಃ ಅಥವಾ ಪೂರ್ತಿಯಾಗಿ ಸಾಗುವಳಿಗೆ ಅಯೋಗ್ಯವಾಗಿದೆಯೆಂದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವೆಲ್ಲೂರು ಸಂಶೋಧನಾ ಕೇಂದ್ರದ ಸಮೀಕ್ಷೆ ಕಂಡುಕೊಂಡಿತು. ದಿಂಡಿಗಲ್ ಕಡೆಯ 13 ಹಳ್ಳಿಗಳಲ್ಲಿ ಪರೀಕ್ಷಿಸಿದ 467 ಬಾವಿಗಳ ಪೈಕಿ 350 ಕೆಟ್ಟಿದ್ದವು. ಈ ಅಂಕಿಗಳನ್ನು 1996ರ ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯವೇ ತನ್ನ ತೀರ್ಪಿನಲ್ಲಿ ಉಲ್ಲೇಖಿಸಿದೆ. ಮಾಲಿನ್ಯ ಮಾಡಿದವನೇ ಅದರ ಬೆಲೆ ತೆರಬೇಕೆಂದು ಸಾರಿದ ಆ ತೀರ್ಪಿನಲ್ಲಿ ಪ್ರತಿಯೊಂದು ಕಾರ್ಖಾನೆಗೂ 10,000 ರೂಪಾಯಿ ದಂಡ ವಿಧಿಸಲಾಯಿತು. ಅಷ್ಟಾದರೂ ಪಾಲಾರ್ ತಿಳಿಯಾಗಲಿಲ್ಲ. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಅದೇ ನದಿಯ ವಿಷಯದಲ್ಲಿ ಮತ್ತೆ ಕಟ್ಟುನಿಟ್ಟಿನ ಆದೇಶ ಕೊಡಬೇಕಾಯಿತು.

ಒಂದು ಜೊತೆ ಬೂಟಿನ ಬೆಲೆಚೀಟಿಯಲ್ಲಿ ಆ ರೈತನ ಬಾವಿಯ ಲೆಕ್ಕ ಬರೆದಿರುವುದಿಲ್ಲ. ಚರ್ಮದ ನೀತಿಯನ್ನು ಚರ್ಚಿಸುವವರು ಪ್ರಾಣಿಯ ಜೀವದ ಬಗ್ಗೆ ಮಾತ್ರ ಮಾತನಾಡಿ ಈ ರೈತನನ್ನು ಮರೆತರೆ ಆ ಚರ್ಚೆ ಅಪೂರ್ಣ. ಅಂದಹಾಗೆ, ಕಾರ್ಖಾನೆಯ ಕೆಸರನ್ನು ಅಗ್ಗದ ಗೊಬ್ಬರವೆಂದು ಯಾರಾದರೂ ಕೊಡಲು ಬಂದರೆ ಎಷ್ಟು ಮಾತ್ರಕ್ಕೂ ಹೊಲಕ್ಕೆ ಹಾಕಿಸಬೇಡಿ.

ತೊಗಟೆಯಿಂದ ಹದ

ಕ್ರೋಮಿಯಂ ಇಲ್ಲದೆಯೂ ಚರ್ಮ ಹದ ಮಾಡಬಹುದು. ನಮ್ಮ ಬಯಲುಸೀಮೆಯಲ್ಲಿ ತಾನಾಗಿ ಬೆಳೆಯುವ ತಂಗಡಿಯ ತೊಗಟೆ, ಕರಿಜಾಲಿಯ ತೊಗಟೆ, ಮಲೆನಾಡಿನ ಅಳಲೆಕಾಯಿ ಇವುಗಳಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೇರಳವಾಗಿದೆ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯಲ್ಲಿ ಮಾಡುವ ಕೊಲ್ಲಾಪುರಿ ಚಪ್ಪಲಿಯ ಚರ್ಮ ಹದವಾಗುವುದು ಇಂಥ ತೊಗಟೆ ಮತ್ತು ಕಾಯಿಗಳಿಂದಲೇ. ಈ ವಿಧಾನಕ್ಕೆ ದಿನ ಹೆಚ್ಚು ಬೇಕು, ಕೈಕೆಲಸ ಹೆಚ್ಚು. ಇದರ ತೊಳೆನೀರನ್ನೂ ಕೆರೆಗೆ ಬಿಡುವಂತಿಲ್ಲ. ಆದರೆ ಮಣ್ಣಿನಲ್ಲಿ ಶಾಶ್ವತವಾಗಿ ನಿಲ್ಲುವ ಲೋಹ ಅದರಲ್ಲಿಲ್ಲ. ತಂಗಡಿಯನ್ನು ಬದುಗಳ ಮೇಲೆ ಬೆಳೆಸಿದರೆ ಸೊಪ್ಪು ಹಸಿರೆಲೆ ಗೊಬ್ಬರಕ್ಕೆ, ತೊಗಟೆ ಹದಕ್ಕೆ ಆಗುತ್ತದೆ. ತೊಗಟೆಗೆ ನಿಶ್ಚಿತ ಬೆಲೆ ಕೊಡುವ ವ್ಯವಸ್ಥೆಯಾದರೆ ಒಣಭೂಮಿಯ ರೈತನಿಗೆ ಇದೊಂದು ಉಪ ಆದಾಯವಾಗಬಲ್ಲದು.

ಸುಲಿಯುವವರ ಮತ್ತು ಹೊಲಿಯುವವರ ಗೌರವ

ಚರ್ಮವನ್ನು ಬಳಸುತ್ತಾ ಚರ್ಮದ ಕೆಲಸಗಾರನನ್ನು ಹೊರಗಿಟ್ಟ ಸಮಾಜ ನಮ್ಮದು. ಹನ್ನೆರಡನೆಯ ಶತಮಾನದಲ್ಲಿಯೇ ಹರಳಯ್ಯನನ್ನು ಶರಣನೆಂದು ಗೌರವಿಸಿದ ನಾಡಿನಲ್ಲಿ ಇಂದಿಗೂ ಅವನ ಕಸುಬಿನವರನ್ನು ಕೀಳಾಗಿ ಕಾಣುವುದು ನಿಂತಿಲ್ಲ. 2016ರ ಜುಲೈ ತಿಂಗಳಲ್ಲಿ ಗುಜರಾತಿನ ಊನಾ ಬಳಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತರ ಮೇಲೆ ಗೋಹತ್ಯೆಯ ಆರೋಪ ಹೊರಿಸಿ ಬೀದಿಯಲ್ಲಿ ಥಳಿಸಿದ್ದನ್ನು ದೇಶವೇ ಕಂಡಿತು. ನಮ್ಮ ಕೊಟ್ಟಿಗೆಯಲ್ಲಿ ಸತ್ತ ದನವನ್ನು ಬರಿಗೈಯಲ್ಲಿ ಎಳೆದೊಯ್ದು ಊರನ್ನು ಶುಚಿಯಾಗಿಟ್ಟವರಿಗೆ ನಾವು ಕೊಟ್ಟ ಪ್ರತಿಫಲ ಇದಾದರೆ, ಪ್ರಾಣಿದಯೆಯ ಮಾತಾಡಲು ನಮಗೆ ಯಾವ ಅಧಿಕಾರವಿದೆ?

ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ತೋರಿಸಿತು. ಪ್ರತಿಭಟನೆ ಎದ್ದ ಮೇಲೆ ಅದು ಭಾರತದ ಕುಶಲಕರ್ಮಿಗಳದೆಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, 2,000 ಜೊತೆ ಚಪ್ಪಲಿಗಳನ್ನು ಜೊತೆಗೆ ಸುಮಾರು 800 ಯೂರೋ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ಆ ಬೆಲೆಯಲ್ಲಿ ಹೊಲಿದವನಿಗೆ, ಹದ ಮಾಡಿದವನಿಗೆ ಎಷ್ಟು ಸಲ್ಲುತ್ತದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಹೆಸರಿನ ಗೌರವ ಮಾತ್ರ ಸಿಕ್ಕಿ ಕೂಲಿ ಮೊದಲಿನಷ್ಟೇ ಉಳಿದರೆ ನ್ಯಾಯ ಅರ್ಧ ದಾರಿಯಲ್ಲೇ ನಿಂತಂತೆ.

ಪ್ಲಾಸ್ಟಿಕ್ ಚರ್ಮ ಪರಿಹಾರವೇ?

ಚರ್ಮವೇ ಬೇಡವೆನ್ನುವವರ ಮನಸ್ಸನ್ನು ನಾನು ಗೌರವಿಸುತ್ತೇನೆ. ಅಂಥವರಿಗೆ ಹತ್ತಿ, ಸೆಣಬು, ಕ್ಯಾನ್ವಾಸ್ ಬಟ್ಟೆಗಳಿವೆ. ಆದರೆ ಪ್ರಾಣಿಸ್ನೇಹಿ ಚರ್ಮವೆಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಹೆಚ್ಚಿನದು ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್. ಅದು ಎರಡು ವರ್ಷದಲ್ಲಿ ಸಿಪ್ಪೆ ಬಿಡುತ್ತದೆ, ಆದರೆ ಮಣ್ಣಿನಲ್ಲಿ ಕರಗುವುದಿಲ್ಲ. ತಿಪ್ಪೆಯ ಪ್ಲಾಸ್ಟಿಕ್ ತಿಂದು ಹೊಟ್ಟೆಯುಬ್ಬಿ ಸತ್ತ ಹಸುಗಳನ್ನು ಕಂಡ ನಮಗೆ ಇದನ್ನು ಅಹಿಂಸೆಯೆಂದು ಒಪ್ಪುವುದು ಕಷ್ಟ. ಅನಾನಸಿನ ಎಲೆಯ ನಾರು, ತೆಂಗಿನ ನೀರು ಮೊದಲಾದ ಬೇಸಾಯದ ಉಳಿಕೆಗಳಿಂದ ಚರ್ಮದಂಥ ವಸ್ತು ಮಾಡುವ ಪ್ರಯತ್ನಗಳು ನಡೆದಿವೆ. ಇವು ಬೆಳೆದರೆ ರೈತನಿಗೂ ಲಾಭವುಂಟು. ಅವುಗಳಲ್ಲಿಯೂ ಪ್ಲಾಸ್ಟಿಕ್ ಲೇಪ ಎಷ್ಟಿದೆಯೆಂದು ಕೇಳಿಯೇ ಕೊಳ್ಳಬೇಕು.

ಮುದಿ ಎತ್ತಿನ ಖರ್ಚು ಯಾರದು?

ನಮ್ಮ ರಾಜ್ಯದ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ 2021ರ ಆರಂಭದಿಂದ ಜಾರಿಗೆ ಬಂದಿದೆ. ಅದರ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹಸು, ಎತ್ತು, ಕರುಗಳನ್ನು ಯಾವ ವಯಸ್ಸಿನಲ್ಲೂ ವಧಿಸುವಂತಿಲ್ಲ. 13 ವರ್ಷ ತುಂಬದ ಎಮ್ಮೆ ಕೋಣಗಳನ್ನೂ ವಧಿಸುವಂತಿಲ್ಲ. ಕಾನೂನನ್ನು ಎಲ್ಲರೂ ಪಾಲಿಸಬೇಕು. ಆದರೆ ಉಳುಮೆ ಬಿಟ್ಟ ಎತ್ತಿಗೂ, ಬತ್ತಿದ ಹಸುವಿಗೂ, ಗಂಡುಕರುವಿಗೂ ದಿನವೂ ಮೇವು ನೀರು ಬೇಕು. ಬರಗಾಲದಲ್ಲಿ ಎರಡು ಎಕರೆಯ ರೈತ ಅದನ್ನೆಲ್ಲಿಂದ ತರಬೇಕು? ಪ್ರಾಣಿದಯೆ ಸಮಾಜದ ಇಚ್ಛೆಯಾದರೆ ಅದರ ಖರ್ಚೂ ಸಮಾಜದ್ದಾಗಬೇಕು. ಸಣ್ಣ ರೈತನೊಬ್ಬನೇ ಅದನ್ನು ಹೊರುವುದು ನ್ಯಾಯವಲ್ಲ.

ಇದಕ್ಕೊಂದು ದಾರಿಯನ್ನು ಸೂಚಿಸಬಯಸುತ್ತೇನೆ. ಹಾಲು ಉತ್ಪಾದಕರ ಸಹಕಾರ ಸಂಘಗಳು ಕೆಲವು ಹಳ್ಳಿಗಳಿಗೊಂದರಂತೆ ಸತ್ತ ಜಾನುವಾರುಗಳ ಸಂಗ್ರಹ ಕೇಂದ್ರ ನಡೆಸಬಹುದು. ಅಲ್ಲಿ ಕೈಚೀಲ, ಬೂಟು, ನೀರಿನ ಸೌಕರ್ಯವುಳ್ಳ ತರಬೇತಾದ ಕೆಲಸಗಾರರಿರಬೇಕು. ಅವರು ಜಾತಿಯಿಂದ ನೇಮಕವಾದವರಾಗಿರದೆ ಸಂಬಳದ ನೌಕರರಾಗಿರಬೇಕು. ಸತ್ತ ಕೆಲವೇ ಗಂಟೆಗಳಲ್ಲಿ ಸುಲಿದು ಉಪ್ಪು ಹಾಕಿದರೆ ಚರ್ಮಕ್ಕೆ ಒಳ್ಳೆಯ ಬೆಲೆ ಬರುತ್ತದೆ. ಮೂಳೆಯೂ ವ್ಯರ್ಥವಲ್ಲ. ಮೂಳೆಪುಡಿಯಲ್ಲಿ ಶೇಕಡಾ 20ಕ್ಕೂ ಮೇಲ್ಪಟ್ಟು ರಂಜಕ, ಶೇಕಡಾ 3ರಷ್ಟು ಸಾರಜನಕವಿದ್ದು, ಮಲೆನಾಡಿನ ಹುಳಿಮಣ್ಣಿಗೆ ಅದು ಉತ್ತಮ ಗೊಬ್ಬರ. ಬಂದ ಹಣದಲ್ಲಿ ಒಂದು ಪಾಲು ದನದ ಒಡೆಯನಿಗೂ, ಒಂದು ಪಾಲು ಮುದಿ ಜಾನುವಾರುಗಳ ಮೇವಿಗೂ ಸಲ್ಲಬೇಕು.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯಕ. ದನ ಹಠಾತ್ತನೆ ಸತ್ತು ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪು ರಕ್ತ ಸುರಿಯುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಅಂಥ ಹೆಣವನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಸುಲಿಯಬಾರದು. ಮನುಷ್ಯನಿಗೆ ಅದು ಮಾರಕ. ರೋಗಾಣುಗಳು ಮಣ್ಣಿನಲ್ಲಿ ದಶಕಗಳವರೆಗೆ ಜೀವಂತವಾಗಿರುತ್ತವೆ. ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರ ಸಲಹೆಯಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

ಮನೆಗೆ ಚಪ್ಪಲಿ ಕೊಳ್ಳುವವರೂ, ಚೀಲ ಹೊಲಿಯಲು ಚರ್ಮ ಕೊಳ್ಳುವ ಸ್ವಸಹಾಯ ಸಂಘದ ಸೋದರಿಯರೂ ಅಂಗಡಿಯವನನ್ನು ಹೀಗೆ ಕೇಳಿರಿ:

1. ಇದು ಯಾವ ಪ್ರಾಣಿಯ ಚರ್ಮ? ಹೇಳಲು ಹಿಂಜರಿದರೆ ಕೊಳ್ಳಬೇಡಿ.

2. ಪ್ರಾಣಿಯನ್ನು ಚರ್ಮಕ್ಕಾಗಿಯೇ ಸಾಕಿ ಕೊಂದದ್ದೇ, ಇಲ್ಲವೇ ಹಾಲು, ಮಾಂಸ, ಉಳುಮೆಯ ಜಾನುವಾರಿನ ಉಪ ಉತ್ಪನ್ನವೇ? ಮೊದಲನೆಯದಾದರೆ ಬಿಟ್ಟುಬಿಡಿ.

3. ತೊಗಟೆಯಿಂದ ಹದವಾದುದೇ, ಕ್ರೋಮಿಯಂನಿಂದಲೇ? ಕ್ರೋಮಿಯಂ ಆದರೆ ಕೊಳೆನೀರು ಶುದ್ಧೀಕರಿಸುವ ಘಟಕವುಳ್ಳ ಕಾರ್ಖಾನೆಯದೇ?

4. ರಸೀದಿ ಕೊಡುತ್ತಾರೆಯೇ? ರಸೀದಿಯಿಲ್ಲದ ಚರ್ಮದ ಮೂಲ ತಿಳಿಯುವುದು ಅಸಾಧ್ಯ.

5. ಈ ವಸ್ತು ಎಷ್ಟು ವರ್ಷ ಬಾಳುತ್ತದೆ, ಹರಿದರೆ ಹೊಲಿಸಬಹುದೇ? ಹತ್ತು ವರ್ಷ ಬಾಳುವ ಒಂದು ಜೊತೆ, ವರ್ಷಕ್ಕೊಂದರಂತೆ ಎಸೆಯುವ ಹತ್ತು ಜೊತೆಗಿಂತ ಮೇಲು.

ಮೊದಲ ದಿನ ಅಂಗಡಿಯವನ ಬಳಿ ಉತ್ತರವಿಲ್ಲದಿರಬಹುದು. ಹತ್ತು ಮಂದಿ ಕೇಳಿದರೆ ಅವನು ತನಗೆ ಮಾರಿದವನನ್ನು ಕೇಳುತ್ತಾನೆ. ಬಿತ್ತನೆ ಬೀಜದ ಚೀಲದ ಮೇಲೆ ತಳಿ, ಮೊಳಕೆಯ ಪ್ರಮಾಣ, ಅವಧಿಗಳನ್ನು ಓದಿಯೇ ಕೊಳ್ಳುವ ಅಭ್ಯಾಸ ನಮಗೆ ಬಂದಿದೆ. ಅದೇ ಎಚ್ಚರವನ್ನು ಚರ್ಮದ ವಿಷಯದಲ್ಲೂ ತೋರಬಹುದು.

ರೈತ ಬಾಂಧವರು ತಮ್ಮ ಪಾಲಿನ ಕೆಲಸವನ್ನು ಇಂದೇ ಪ್ರಾರಂಭಿಸಬಹುದು. ದನಗಳಿಗೆ ಬರೆ ಹಾಕುವುದನ್ನು ನಿಲ್ಲಿಸಿ, ಬಾರುಕೋಲಿನ ಮೊಳೆಯನ್ನು ಕಿತ್ತುಹಾಕಿ, ಉಣ್ಣಿಗೆ ಕಾಲಕಾಲಕ್ಕೆ ಔಷಧಿ ಹಚ್ಚಿರಿ. ಸತ್ತ ದನವನ್ನು ಒಯ್ಯಲು ಬಂದವರಿಗೆ ಕೂರಲು ಜಾಗ, ಕುಡಿಯಲು ನೀರು, ಕೆಲಸಕ್ಕೆ ತಕ್ಕ ಕೂಲಿ ಕೊಡಿರಿ. ಸಂಗ್ರಹ ಕೇಂದ್ರದ ವಿಷಯವನ್ನು ನಿಮ್ಮ ಹಾಲಿನ ಸಂಘದ ಮುಂದಿನ ಸಭೆಯಲ್ಲಿ ಚರ್ಚೆಗೆ ಇಡಿರಿ.